ಲಿಮಾ: ಎಲ್ಲಿ ಇಳಿಯಬೇಕು, ಏನು ನೋಡಬೇಕು, ಯಾವುದನ್ನು ಬಿಟ್ಟರೂ ನಡೆದೀತು

ಪೆರುವಿಗೆ ಹೊರಡುವ ನಮ್ಮವರ ಕಣ್ಣೆಲ್ಲ ಇಂಕಾ ಅರಸರ ಕಾಲದ ಬೆಟ್ಟದೂರು ಮಾಚು ಪಿಚುವಿನ ಮೇಲಿರುತ್ತದೆ. ಲಿಮಾ ಅವರ ಪಾಲಿಗೆ ವಿಮಾನ ಬದಲಿಸುವ ಊರು, ಅಷ್ಟೆ. ರಾತ್ರಿ ಇಳಿದು, ಹೋಟೆಲಿನಲ್ಲಿ ಬೆನ್ನು ಚಾಚಿ, ಬೆಳಗಿನ ವಿಮಾನಕ್ಕೆ ಮಾಚು ಪಿಚುವಿನ ಕಡೆಯ ಊರು ಕುಸ್ಕೊಗೆ ಹೊರಟುಬಿಡುತ್ತಾರೆ. 1535ರಲ್ಲಿ ಸ್ಪೇನಿನ ದಂಡನಾಯಕ ಫ್ರಾನ್ಸಿಸ್ಕೊ ಪಿಸಾರೊ ಸ್ಥಾಪಿಸಿದ, ಮುಂದೆ ಸುಮಾರು ಮುನ್ನೂರು ವರ್ಷ ದಕ್ಷಿಣ ಅಮೆರಿಕದಲ್ಲಿ ಸ್ಪೇನಿನ ಆಳ್ವಿಕೆಯ ಕೇಂದ್ರವಾಗಿದ್ದ, ಈಗ ಕೋಟಿ ಜನ ಬದುಕುತ್ತಿರುವ ಊರಿಗೆ ಇದು ಅನ್ಯಾಯವೇ ಸರಿ. ಹಾಗೆಂದು ಲಿಮಾ ಮೊದಲ ನೋಟಕ್ಕೇ ಮನಸ್ಸು ಗೆಲ್ಲುವ ಊರೂ ಅಲ್ಲ. ಬೂದು ಆಕಾಶ, ಮುಗಿಯದ ಟ್ರಾಫಿಕ್, ವಿಮಾನ ನಿಲ್ದಾಣದ ಸುತ್ತ ಧೂಳು ಹಿಡಿದ ಬೀದಿಗಳು.

ಇಲ್ಲಿ ಏನು ಮಾಡಬೇಕು, ಏನು ಬಿಡಬೇಕು ಎಂಬುದನ್ನೆಲ್ಲ ಎರಡೇ ಸಂಗತಿಗಳು ತೀರ್ಮಾನಿಸುತ್ತವೆ: ನೀವು ಹೋಗುವ ತಿಂಗಳ ಆಕಾಶ ಮತ್ತು ರಸ್ತೆಯಲ್ಲಿ ಕಳೆಯಲು ನಿಮ್ಮ ಬಳಿ ಇರುವ ಗಂಟೆಗಳು. ಪಟ್ಟಿ ಹಿಡಿದು ಎಲ್ಲವನ್ನೂ ನೋಡುತ್ತೇನೆ ಎಂದು ಹೊರಟವರು ಲಿಮಾದಲ್ಲಿ ಹೆಚ್ಚಾಗಿ ನೋಡುವುದು ಮುಂದಿನ ಕಾರಿನ ಹಿಂಬದಿಯನ್ನು.

ಯಾವ ತಿಂಗಳು?

ಭೂಮಧ್ಯರೇಖೆಯಿಂದ ಬೆಂಗಳೂರು ಉತ್ತರಕ್ಕೆ ಎಷ್ಟು ದೂರವೋ ಲಿಮಾ ದಕ್ಷಿಣಕ್ಕೆ ಹೆಚ್ಚೂಕಡಿಮೆ ಅಷ್ಟೇ ದೂರ. ಆದರೆ ಕಡಲಂಚಿನ ಊರೆಂದು ಸೆಕೆಯನ್ನು ನಿರೀಕ್ಷಿಸಬೇಡಿ. ದಕ್ಷಿಣದಿಂದ ಹರಿದುಬರುವ ಹಂಬೋಲ್ಟ್ ಶೀತ ಪ್ರವಾಹ ಇಲ್ಲಿನ ಕಡಲನ್ನು ವರ್ಷವಿಡೀ ತಣ್ಣಗಿಡುತ್ತದೆ. ತಣ್ಣನೆಯ ನೀರಿನ ಮೇಲಿನ ಗಾಳಿ ಮೇಲೇರದೆ ತಗ್ಗಿನಲ್ಲೇ ಮೋಡ ಕಟ್ಟುತ್ತದೆ. ಹಾಗಾಗಿ ಲಿಮಾ ಮರುಭೂಮಿಯ ನಡುವೆ ಕೂತೂ ಸದಾ ತೇವವಾಗಿರುವ ವಿಚಿತ್ರ ಊರು. ಜೂನ್‌ನಿಂದ ಅಕ್ಟೋಬರ್‌ವರೆಗೆ ಸೂರ್ಯ ಅಪರೂಪದ ಅತಿಥಿ. ‘ಗರುವಾ’ ಎಂದು ಕರೆಯುವ ತುಂತುರು ಬೀದಿಯನ್ನು ಒದ್ದೆ ಮಾಡುತ್ತದೆ, ಮಳೆಯೆಂದು ಕರೆಯುವಷ್ಟು ಎಂದೂ ಸುರಿಯುವುದಿಲ್ಲ. ಆ ಆಕಾಶಕ್ಕೆ ಊರಿನವರೇ ಇಟ್ಟ ಹೆಸರು ‘ಕತ್ತೆಯ ಹೊಟ್ಟೆ’. ಥರ್ಮಾಮೀಟರ್ 15–18 ಡಿಗ್ರಿ ತೋರಿಸಿದರೂ ತೇವದಿಂದ ಚಳಿ ಮೂಳೆಗೆ ತಾಕುತ್ತದೆ, ಮನೆ, ಹೋಟೆಲುಗಳಲ್ಲಿ ಹೀಟರ್ ಇರುವುದು ಕಡಿಮೆ. ಛತ್ರಿ ಬೇಡ, ಜಾಕೆಟ್ ಬೇಕು.

ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಬೇಸಿಗೆಯಲ್ಲಿ ಇದೇ ಊರು ಬೇರೆಯದೇ ಊರಾಗುತ್ತದೆ. 25ರಿಂದ 29 ಡಿಗ್ರಿಯ ಹದವಾದ ಬಿಸಿಲು, ಕಡಲ ಮೇಲೆ ಕೆಂಪು ಸೂರ್ಯಾಸ್ತ, ರಾತ್ರಿ ಹತ್ತಾದರೂ ಬೀದಿಯಲ್ಲಿ ಜನ.

ತೊಡಕಿರುವುದು ಇಲ್ಲೇ. ಲಿಮಾದಲ್ಲಿ ಬಿಸಿಲಿರುವಾಗ ಆಂಡಿಸ್ ಬೆಟ್ಟಗಳಲ್ಲಿ ಮಳೆಗಾಲ. ಜನವರಿ, ಫೆಬ್ರವರಿಯಲ್ಲಿ ಕುಸ್ಕೊ ಕಡೆ ಮಳೆ ಜೋರು, ಇಂಕಾ ಚಾರಣ ಹಾದಿಯನ್ನು ಫೆಬ್ರವರಿಯಲ್ಲಿ ಮುಚ್ಚಿಯೇ ಬಿಡುತ್ತಾರೆ. ಮಾಚು ಪಿಚು ನೀಲಿ ಆಕಾಶದಡಿ ಹೊಳೆಯುವ ಜೂನ್, ಜುಲೈ, ಆಗಸ್ಟ್‌ನಲ್ಲಿ ಲಿಮಾ ಮಂಕು ಕವಿದು ಕೂತಿರುತ್ತದೆ. ಎರಡೂ ಬೇಕೆನ್ನುವವರಿಗೆ ನನ್ನ ಸಲಹೆ ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ. ಬೆಟ್ಟದಲ್ಲಿ ಮಳೆ ಹಿಂದೆ ಸರಿದಿರುತ್ತದೆ, ಕರಾವಳಿಯಲ್ಲಿ ಬಿಸಿಲು ಪೂರ್ತಿ ಹೋಗಿರುವುದಿಲ್ಲ. ಅದು ಆಗದಿದ್ದರೆ ನವೆಂಬರ್. ಶಾಲೆಯ ರಜೆ, ಕಚೇರಿಯ ರಜೆ ಎಂದು ಜುಲೈ ಬಿಟ್ಟು ಬೇರೆ ದಾರಿಯೇ ಇಲ್ಲದವರು ಲಿಮಾದಲ್ಲಿ ಕಡಲ ನೋಟಕ್ಕಿಂತ ಮ್ಯೂಸಿಯಂ, ಊಟ, ಹಳೆಯ ಚರ್ಚುಗಳಿಗೆ ಸಮಯ ಇಟ್ಟುಕೊಳ್ಳಿ. ಜುಲೈ 28, 29 ಸ್ವಾತಂತ್ರ್ಯೋತ್ಸವದ ರಜೆ. 1821ರ ಜುಲೈ 28ರಂದು ಸೇನಾನಿ ಸ್ಯಾನ್ ಮಾರ್ಟಿನ್ ಲಿಮಾದ ಮುಖ್ಯ ಚೌಕದಲ್ಲಿ ಸ್ಪೇನಿನಿಂದ ಸ್ವಾತಂತ್ರ್ಯ ಘೋಷಿಸಿದ ನೆನಪು ಅದು. ಆ ವಾರ ಇಡೀ ದೇಶವೇ ಊರಿಂದೂರಿಗೆ ಓಡಾಡುತ್ತದೆ, ಬಸ್ಸು, ವಿಮಾನ, ಹೋಟೆಲು ಎಲ್ಲದರ ದರ ಏರುತ್ತದೆ.

ಅಕ್ಟೋಬರ್‌ಗೆ ಬೂದು ಆಕಾಶವನ್ನು ಮೀರಿದ ಒಂದು ಕಾರಣವಿದೆ. ‘ಪವಾಡಗಳ ಒಡೆಯ’ ಎಂದು ಕರೆಯುವ ಕ್ರಿಸ್ತನ ಚಿತ್ರದ ಮೆರವಣಿಗೆ ಆ ತಿಂಗಳು ಹಳೆಯ ಊರಿನ ಬೀದಿಗಳಲ್ಲಿ ಸಾಗುತ್ತದೆ. 17ನೇ ಶತಮಾನದಲ್ಲಿ ಅಂಗೋಲಾದ ಗುಲಾಮನೊಬ್ಬ ಗೋಡೆಯ ಮೇಲೆ ಬರೆದ ಚಿತ್ರವಂತೆ. ಭೂಕಂಪದಲ್ಲಿ ಸುತ್ತಲಿನದೆಲ್ಲ ಬಿದ್ದರೂ ಆ ಗೋಡೆ ನಿಂತಿತು ಎಂಬ ನಂಬಿಕೆ. ನೇರಳೆ ಬಟ್ಟೆ ತೊಟ್ಟ ಲಕ್ಷಾಂತರ ಜನ, ಧೂಪದ ಹೊಗೆ, ಪಲ್ಲಕ್ಕಿ ಹೊರುವವರ ಸರದಿ. ಜಾತ್ರೆ, ತೇರು ಇಷ್ಟಪಡುವವರು ಈ ಒಂದಕ್ಕಾಗಿಯೇ ಬಿಸಿಲನ್ನು ಬಿಟ್ಟುಕೊಡಬಹುದು.

ಮಿರಾಫ್ಲೋರೆಸ್, ಬರಾಂಕೊ, ಹಳೆಯ ಊರು: ವಸತಿ ಎಲ್ಲಿ?

ಮೊದಲ ಸಲ ಹೋಗುವವರು, ಮಕ್ಕಳು ಅಥವಾ ವಯಸ್ಸಾದ ಅಪ್ಪ ಅಮ್ಮನ ಜೊತೆ ಹೋಗುವವರು ಹೆಚ್ಚು ತಲೆಕೆಡಿಸಿಕೊಳ್ಳದೆ ಮಿರಾಫ್ಲೋರೆಸ್ ಹಿಡಿಯಿರಿ. ಕಡಲ ಮೇಲಿನ ಎತ್ತರದ ಕಡಿಬಂಡೆಯ ಅಂಚಿನುದ್ದಕ್ಕೂ ಉದ್ಯಾನಗಳ ಸರಣಿ. ಅದಕ್ಕೆ ‘ಮಲೆಕೋನ್’ ಎನ್ನುತ್ತಾರೆ. ಬೆಳಿಗ್ಗೆ ವಾಕಿಂಗ್‌ಗೆ ಇದಕ್ಕಿಂತ ಚೆಂದದ ಜಾಗ ಊರಿನಲ್ಲಿಲ್ಲ. ಸಮತಟ್ಟಾದ ಫುಟ್‌ಪಾತ್, ರಾತ್ರಿಯೂ ಓಡಾಡುವ ಜನ, ಹೆಜ್ಜೆಗೊಂದು ಹಣ ಬದಲಾಯಿಸುವ ಅಂಗಡಿ, ಬೇಕಾದ ಎಲ್ಲ ದರದ ಹೋಟೆಲು. ಕುಂದೆಂದರೆ ಜಗತ್ತಿನ ಯಾವ ದೊಡ್ಡ ಊರಿನ ಹೊಸ ಬಡಾವಣೆಯೂ ಆಗಬಹುದಾದ ಮುಖ ಇದರದು. ಕೆನಡಿ ಪಾರ್ಕಿನ ಸುತ್ತ ಕೋಣೆ ಹಿಡಿದರೆ ಪಾರ್ಕಿನ ಬೆಕ್ಕುಗಳ ಹಿಂಡು ಮಕ್ಕಳಿಗೆ ಖುಷಿ ಕೊಟ್ಟೀತು, ವಾರಾಂತ್ಯದ ರಾತ್ರಿ ಬಾರುಗಳ ಸಂಗೀತ ನಿಮ್ಮ ನಿದ್ದೆ ಕೆಡಿಸೀತು. ಅಲ್ಲಿಂದ ನಾಲ್ಕಾರು ಬೀದಿ ಆಚೆ, ಕಡಲ ಕಡೆ ಹುಡುಕಿ.

ಬರಾಂಕೊ ಅದರ ದಕ್ಷಿಣಕ್ಕಿದೆ. 19ನೇ ಶತಮಾನದಲ್ಲಿ ಲಿಮಾದ ಸಿರಿವಂತರು ಬೇಸಿಗೆ ಕಳೆಯಲು ಬರುತ್ತಿದ್ದ ಕಡಲೂರು. 1881ರಲ್ಲಿ ಚಿಲಿಯ ಸೈನ್ಯ ಲಿಮಾಕ್ಕೆ ನುಗ್ಗುವಾಗ ಸುಟ್ಟ ಊರುಗಳಲ್ಲಿ ಇದೂ ಒಂದು. ಈಗ ಕಾಣುವ ಬಣ್ಣಬಣ್ಣದ ಬಂಗಲೆಗಳು ಬಹುಪಾಲು ಅನಂತರ ಕಟ್ಟಿದವು. ‘ನಿಟ್ಟುಸಿರಿನ ಸೇತುವೆ’, ಅದರ ಕೆಳಗಿನಿಂದ ಕಡಲಿಗೆ ಇಳಿಯುವ ಓಣಿ, ಗೋಡೆಚಿತ್ರಗಳು, ಪೆದ್ರೊ ದೆ ಓಸ್ಮಾ ಹೆಸರಿನ ವಸಾಹತು ಕಾಲದ ಕಲೆಯ ಸಂಗ್ರಹಾಲಯ, ಸಣ್ಣ ಕಾಫಿ ಅಂಗಡಿಗಳು. ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ, ಅಥವಾ ಎರಡನೇ ಸಲ ಹೋಗುವುದಾದರೆ ನಾನು ಬರಾಂಕೊ ಕಡೆಗೇ ವಾಲುತ್ತೇನೆ. ಆದರೆ ಶುಕ್ರವಾರ, ಶನಿವಾರ ಇಲ್ಲಿನ ಮುಖ್ಯ ಚೌಕದ ಆಸುಪಾಸು ನಿದ್ದೆಯ ಮಾತೇ ಇಲ್ಲ.

ಹಳೆಯ ಊರಿನಲ್ಲಿ, ಅಂದರೆ ‘ಸೆಂತ್ರೊ’ದಲ್ಲಿ ಉಳಿದರೆ ಕೋಣೆ ಅಗ್ಗ, ಕಿಟಕಿ ತೆರೆದರೆ ಇತಿಹಾಸ. ಹಗಲಿಗೆ ಚೆನ್ನ. ರಾತ್ರಿ ಎಂಟರ ಮೇಲೆ ಅಂಗಡಿಗಳ ಷಟರ್ ಇಳಿದು ಬೀದಿಗಳು ಬರಿದಾದಾಗ ಅಲ್ಲಿ ಹೊಸಬರು ಅಲೆದಾಡುವುದು ಜಾಣತನವಲ್ಲ. ಜೊತೆಗೆ, ಸರ್ಕಾರದ ವಿರುದ್ಧ ಮೆರವಣಿಗೆಗಳು ನಡೆಯುವುದು ಸ್ಯಾನ್ ಮಾರ್ಟಿನ್ ಚೌಕದ ಸುತ್ತಲೇ. ಅಂಥ ದಿನ ಪೊಲೀಸರು ಬೀದಿಗಳಿಗೆ ಬೇಲಿ ಹಾಕಿಬಿಡುತ್ತಾರೆ. ಸ್ಯಾನ್ ಇಸಿದ್ರೊ ಬ್ಯಾಂಕು, ಕಂಪನಿಗಳ ಬಡಾವಣೆ. ಕಚೇರಿ ಕೆಲಸಕ್ಕೆ ಹೋದವರಿಗೆ ಸರಿ.

ಸುರಕ್ಷತೆಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಈಚಿನ ವರ್ಷಗಳಲ್ಲಿ ಸುಲಿಗೆ, ಗ್ಯಾಂಗುಗಳ ಹಾವಳಿ ಏರಿ ಸರ್ಕಾರ ಲಿಮಾದಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದ್ದುಂಟು. ಪ್ರವಾಸಿಗರಿಗೆ ಎದುರಾಗುವ ಅಪಾಯ ಹೆಚ್ಚಾಗಿ ಮೊಬೈಲ್ ಕಸಿಯುವುದು. ರಸ್ತೆಯಂಚಿನಲ್ಲಿ ನಿಂತು ಮ್ಯಾಪ್ ನೋಡಬೇಡಿ, ಅಂಗಡಿಯೊಳಗೆ ಹೋಗಿ ನೋಡಿ. ಟ್ಯಾಕ್ಸಿಯ ಕಿಟಕಿ ಪಕ್ಕ ಫೋನ್ ಹಿಡಿಯಬೇಡಿ. ಕೊರಳಲ್ಲಿ ಮಾಂಗಲ್ಯ ಸರವಿದ್ದರೆ ಬಟ್ಟೆಯ ಒಳಗಿರಲಿ.

ಬಸ್ಸೋ, ಟ್ಯಾಕ್ಸಿಯೋ?

ವಿಮಾನ ನಿಲ್ದಾಣ ಇರುವುದು ಲಿಮಾದಲ್ಲಲ್ಲ, ಪಕ್ಕದ ಬಂದರು ನಗರ ಕಯಾವೊದಲ್ಲಿ. 2025ರ ಜೂನ್‌ನಲ್ಲಿ ಹೊಸ ಟರ್ಮಿನಲ್ ತೆರೆದಿದೆ. ಹಳೆಯ ಪ್ರವಾಸಕಥನಗಳಲ್ಲಿ ‘ಹೊರಗೆ ನಡೆದು ಬಂದು ಟ್ಯಾಕ್ಸಿ ಹಿಡಿಯಿರಿ’ ಎಂದಿದ್ದರೆ ಅದನ್ನು ಮರೆತುಬಿಡಿ. ರಾತ್ರಿ ಬಂದಿಳಿದವರು ಟರ್ಮಿನಲ್ ಒಳಗಿನ ಅಧಿಕೃತ ಕೌಂಟರಿನಲ್ಲೇ ಟ್ಯಾಕ್ಸಿ ಹಿಡಿಯಲಿ. ಆ್ಯಪ್‌ಗಿಂತ ದುಬಾರಿ, ಆದರೆ ಇಪ್ಪತ್ತೈದು ಮೂವತ್ತು ಗಂಟೆ ಪ್ರಯಾಣ ಮಾಡಿ ಬಂದ ಮೇಲೆ ಆ ವ್ಯತ್ಯಾಸಕ್ಕೆ ಜಗಳವಾಡುವ ಶಕ್ತಿ ಯಾರಲ್ಲೂ ಉಳಿದಿರುವುದಿಲ್ಲ. ಒಂಟಿಯಾಗಿ, ಹಗಲಿನಲ್ಲಿ ಬಂದವರಿಗೆ ಮಿರಾಫ್ಲೋರೆಸ್ ಕಡೆ ಹೋಗುವ ಬಸ್ಸುಗಳೂ ಇವೆ. ಮರಳುವಾಗ, ಅದರಲ್ಲೂ ಸಂಜೆಯ ಹೊತ್ತು, ಮಿರಾಫ್ಲೋರೆಸ್‌ನಿಂದ ನಿಲ್ದಾಣಕ್ಕೆ ರಸ್ತೆಯಲ್ಲೇ ಒಂದೂವರೆ ಎರಡು ಗಂಟೆ ಲೆಕ್ಕ ಹಾಕಿ.

ಊರೊಳಗೆ ಟ್ಯಾಕ್ಸಿಗಳಿಗೆ ಮೀಟರ್ ಇಲ್ಲ. ಬೀದಿಯಲ್ಲಿ ಕೈ ಅಡ್ಡ ಹಾಕಿ ಚೌಕಾಸಿ ಮಾಡುವುದಕ್ಕಿಂತ ಊಬರ್, ಕ್ಯಾಬಿಫೈಯಂಥ ಆ್ಯಪ್ ಲೇಸು. ಇಷ್ಟಾಗಿಯೂ ಮಿರಾಫ್ಲೋರೆಸ್‌ನಿಂದ ಹಳೆಯ ಊರಿಗೆ ಹೋಗುವಾಗ ಮಾತ್ರ ಟ್ಯಾಕ್ಸಿಯನ್ನು ಬಿಟ್ಟು ‘ಮೆಟ್ರೊಪೊಲಿತಾನೊ’ ಹತ್ತಿ. 2010ರಿಂದ ಓಡುತ್ತಿರುವ, ತನ್ನದೇ ಪ್ರತ್ಯೇಕ ಪಥವಿರುವ ಬಸ್ಸು ಇದು. ಬರಾಂಕೊ, ಮಿರಾಫ್ಲೋರೆಸ್, ಹಳೆಯ ಊರು ಮೂರೂ ಒಂದೇ ಮಾರ್ಗದಲ್ಲಿ ಬರುತ್ತವೆ. ಪಕ್ಕದಲ್ಲಿ ಕಾರುಗಳು ನಿಂತಲ್ಲೇ ನಿಂತಿರುವಾಗ ಇದು ಅರ್ಧ ಗಂಟೆಯ ಒಳಗೆ ನಿಮ್ಮನ್ನು ಇಳಿಸುತ್ತದೆ. ಕಾರ್ಡ್ ಕಡ್ಡಾಯ, ಆದರೆ ಒಂದೇ ಕಾರ್ಡನ್ನು ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಉಜ್ಜಿ ಒಳಹೋಗಬಹುದು. ಬೆಳಿಗ್ಗೆ ಏಳರಿಂದ ಒಂಬತ್ತು, ಸಂಜೆ ಆರರಿಂದ ಎಂಟು ಉಸಿರಾಡಲೂ ಜಾಗವಿರದು. ಆ ಹೊತ್ತು ಬಿಡಿ. ಮೆಟ್ರೊ ರೈಲಿನ ಒಂದನೇ ಮಾರ್ಗ ಪ್ರವಾಸಿಗರು ಹೋಗುವ ಕಡೆಗೆ ಹೋಗುವುದೇ ಇಲ್ಲ. ಕೊಂಬಿ ಎಂಬ ಸಣ್ಣ ವ್ಯಾನುಗಳನ್ನು ಸ್ಪ್ಯಾನಿಷ್ ಚೆನ್ನಾಗಿ ಬರುವವರು ಹತ್ತಲಿ.

ಪ್ರಾಚೀನ ನೆಲೆಗಳು: ಪುಕ್ಯಾನಾ, ಪಚಕಮಾಕ್, ಕರಾಲ್

ಲಿಮಾ ಎಂದರೆ ಸ್ಪ್ಯಾನಿಷರು ಕಟ್ಟಿದ ಊರು ಎಂದುಕೊಂಡು ಹೋದವರಿಗೆ ಅಚ್ಚರಿ ಇಲ್ಲಿದೆ. ಅಪಾರ್ಟ್‌ಮೆಂಟುಗಳ ನಡುವೆ, ಸೂಪರ್ ಮಾರ್ಕೆಟ್ಟಿನ ಹಿಂದೆ, ಎಲ್ಲೆಂದರಲ್ಲಿ ‘ಹುವಾಕಾ’ಗಳು ಎಂಬ ಹಳೆಯ ಪವಿತ್ರ ದಿಬ್ಬಗಳಿವೆ. ಇಂಕಾಗಳು ಈ ಕರಾವಳಿಗೆ ಬಂದದ್ದು ಸ್ಪ್ಯಾನಿಷರಿಗಿಂತ ಕೆಲವು ದಶಕಗಳ ಮೊದಲಷ್ಟೇ. ಅದಕ್ಕೂ ಹಿಂದೆ ಇಲ್ಲಿ ಸಾವಿರಾರು ವರ್ಷ ಬೇರೆ ಬೇರೆ ಜನ ಕಟ್ಟಿ, ಬಿಟ್ಟು, ಮತ್ತೆ ಕಟ್ಟಿದ್ದಾರೆ.

ಹುವಾಕಾ ಪುಕ್ಯಾನಾ ಮಿರಾಫ್ಲೋರೆಸ್‌ನ ಒಳಗೇ ಇದೆ, ನಡೆದು ಹೋಗಬಹುದು. ಸುಮಾರು ಕ್ರಿ.ಶ. 200ರಿಂದ 700ರ ನಡುವೆ ‘ಲಿಮಾ ಸಂಸ್ಕೃತಿ’ಯ ಜನ ಕಟ್ಟಿದ ಹಸಿ ಇಟ್ಟಿಗೆಯ ಮೆಟ್ಟಿಲು ಗೋಪುರ. ಇಟ್ಟಿಗೆಗಳನ್ನು ಮಲಗಿಸದೆ, ಕಪಾಟಿನಲ್ಲಿ ಪುಸ್ತಕ ಜೋಡಿಸುವ ರೀತಿಯಲ್ಲಿ ನಿಲ್ಲಿಸಿ, ನಡುವೆ ಸಂದು ಬಿಟ್ಟಿದ್ದಾರೆ. ಭೂಕಂಪವಾದಾಗ ಗೋಡೆ ಬಿರಿಯದೆ ಅಲುಗಾಡಿ ನಿಲ್ಲಲಿ ಎಂಬ ಉಪಾಯ ಇದೆಂದು ವಿವರಿಸುತ್ತಾರೆ. 1746ರ ಭೂಕಂಪದಲ್ಲಿ ಸ್ಪ್ಯಾನಿಷರ ಲಿಮಾ ಬಹುಪಾಲು ನೆಲಕಚ್ಚಿತು, ಈ ಮಣ್ಣಿನ ಗೋಪುರ ಇನ್ನೂ ನಿಂತಿದೆ. ಗೈಡ್ ಜೊತೆಯಲ್ಲೇ ಒಳಗೆ ಬಿಡುವುದು, ಒಂದು ಗಂಟೆ ಸಾಕು. ಮಂಗಳವಾರ ರಜೆ. ಕೆಲವು ಸಂಜೆಗಳಲ್ಲಿ ದೀಪದ ಬೆಳಕಿನಲ್ಲಿ ತೋರಿಸುತ್ತಾರೆ. ಬೂದು ಆಕಾಶದ ತಿಂಗಳುಗಳಲ್ಲಿ ಹಗಲಿಗಿಂತ ಅದೇ ಚೆನ್ನ.

ಪಚಕಮಾಕ್ ಊರಿನಿಂದ ಸುಮಾರು 30 ಕಿಲೋಮೀಟರ್ ದಕ್ಷಿಣಕ್ಕೆ, ಲುರಿನ್ ಕಣಿವೆಯ ಬಾಯಲ್ಲಿದೆ. ಮರಳುಗಾಡು, ಆಚೆಗೆ ಹಸಿರು ಕಣಿವೆ, ಈಚೆಗೆ ಶಾಂತಸಾಗರ. ಭವಿಷ್ಯ ನುಡಿಯುವ ದೇವರ ಸ್ಥಾನವೆಂದು ನೂರಾರು ವರ್ಷ ದೂರದೂರದ ಜನ ಇಲ್ಲಿಗೆ ಯಾತ್ರೆ ಬರುತ್ತಿದ್ದರು. ಇಂಕಾಗಳು ಗೆದ್ದ ಮೇಲೂ ಹಳೆಯ ದೇವರನ್ನು ಕೆಡವಲಿಲ್ಲ, ಪಕ್ಕದ ಗುಡ್ಡದ ಮೇಲೆ ತಮ್ಮ ಸೂರ್ಯ ದೇವಾಲಯ ಕಟ್ಟಿದರು. 1533ರಲ್ಲಿ ಚಿನ್ನ ಹುಡುಕಿ ಬಂದ ಪಿಸಾರೊನ ತಮ್ಮ ಎರ್ನಾಂದೊಗೆ ಆ ತಾಳ್ಮೆ ಇರಲಿಲ್ಲ, ಗುಡಿ ಒಡೆಸಿದ. ಕೆತ್ತನೆಯ ಮರದ ಮೂರ್ತಿಯೊಂದು 1938ರಲ್ಲಿ ಸಿಕ್ಕಿ ಈಗ ಅಲ್ಲಿನ ಮ್ಯೂಸಿಯಂನಲ್ಲಿದೆ. ಎರಡು ಮುಖದ ಆ ಕಂಬದ ಮುಂದೆ ನಿಂತಾಗ ಇಡೀ ಲಿಮಾದಲ್ಲಿ ಇದಕ್ಕಿಂತ ಹಳೆಯ ಭಕ್ತಿಯನ್ನು ಇಷ್ಟು ಹತ್ತಿರದಿಂದ ನೋಡಲಾಗದು ಅನ್ನಿಸುತ್ತದೆ. ಅರ್ಧ ದಿನ ಬೇಕು, ಸೋಮವಾರ ರಜೆ, ನೆರಳಿಲ್ಲ, ಟೋಪಿ ಮತ್ತು ನೀರು ಜೊತೆಗಿರಲಿ. 2021ರಲ್ಲಿ ಉದ್ಘಾಟನೆಯಾದ ಪೆರುವಿನ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ಪಕ್ಕದಲ್ಲೇ ಇದೆ.

ಕರಾಲ್‌ನ ಲೆಕ್ಕವೇ ಬೇರೆ. ಕ್ರಿ.ಪೂ. 2600ರ ಸುಮಾರಿನ, ನಮ್ಮ ಹರಪ್ಪ ನಗರಗಳ ಕಾಲದ್ದೇ ಆದ, ಅಮೆರಿಕ ಖಂಡಗಳ ಅತಿ ಹಳೆಯ ನಗರಗಳಲ್ಲೊಂದು. ಪುರಾತತ್ವಜ್ಞೆ ರೂತ್ ಶೇಡಿ 1990ರ ದಶಕದಿಂದ ಇಲ್ಲಿ ಉತ್ಖನನ ನಡೆಸಿದರು, 2009ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಇಲ್ಲಿನ ಜನರಿಗೆ ಮಡಕೆ ಮಾಡಲು ತಿಳಿದಿರಲಿಲ್ಲ, ಆದರೆ ಪಿರಮಿಡ್ ಕಟ್ಟಲು, ಮೂಳೆಯ ಕೊಳಲು ಊದಲು ತಿಳಿದಿತ್ತು. ಲಿಮಾದಿಂದ ಉತ್ತರಕ್ಕೆ ಒಂದು ಬದಿಗೇ ಮೂರೂವರೆ ನಾಲ್ಕು ಗಂಟೆ. ಇತಿಹಾಸದ ಹುಚ್ಚಿದ್ದವರಿಗೆ ಇಡೀ ದಿನ ಸಾರ್ಥಕ. ಉಳಿದವರಿಗೆ ಅದು ಬಿಸಿಲಲ್ಲಿ ಕಲ್ಲುಗುಡ್ಡೆ ನೋಡಿ ಬಂದಂತೆ.

ಒಂದನ್ನೇ ಆರಿಸಬೇಕಾದರೆ? ಮುಂದೆ ಕುಸ್ಕೊಗೆ ಹೋಗುವವರು ಪುಕ್ಯಾನಾ ನೋಡಲಿ. ಇಂಕಾ ಕಲ್ಲುಕೆಲಸವನ್ನು ಕುಸ್ಕೊದಲ್ಲಿ ಹೇಗೂ ಕಣ್ತುಂಬ ನೋಡುತ್ತಾರೆ. ಲಿಮಾದಲ್ಲಷ್ಟೇ ಇರುವವರು ಪಚಕಮಾಕ್ ಬಿಡಬಾರದು.

ಮ್ಯೂಸಿಯಂ ಒಂದೇ ಎಂದಾದರೆ

ಲಾರ್ಕೊ. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ. ರಫಾಯೆಲ್ ಲಾರ್ಕೊ ಹೊಯ್ಲೆ 1926ರಲ್ಲಿ ಉತ್ತರ ಪೆರುವಿನ ತಮ್ಮ ಕುಟುಂಬದ ಎಸ್ಟೇಟಿನಲ್ಲಿ ಆರಂಭಿಸಿದ ಸಂಗ್ರಹ ಈಗ ಪುಯೆಬ್ಲೊ ಲಿಬ್ರೆ ಎಂಬ ಬಡಾವಣೆಯ, ಬೋಗನ್‌ವಿಲ್ಲಾ ತುಂಬಿದ 18ನೇ ಶತಮಾನದ ಮನೆಯಲ್ಲಿದೆ. ಉತ್ತರ ಕರಾವಳಿಯ ಪ್ರಾಚೀನ ಮೋಚೆ ಜನರ ಮುಖ ಮಡಕೆಗಳನ್ನು ನೋಡಲೇಬೇಕು. ಒಬ್ಬನ ಮುಖದಂತೆ ಇನ್ನೊಬ್ಬನದಿಲ್ಲ. ಸಾವಿರದೈನೂರು ವರ್ಷದ ಹಿಂದೆ ಬದುಕಿದ್ದ ನಿಜವಾದ ಮನುಷ್ಯರು ನಿಮ್ಮನ್ನೇ ನೋಡುತ್ತಿರುತ್ತಾರೆ. ದಾರಕ್ಕೆ ಗಂಟು ಹಾಕಿ ಲೆಕ್ಕ ಇಡುತ್ತಿದ್ದ ‘ಕೀಪು’ಗಳೂ ಇವೆ. ಪ್ರದರ್ಶನಕ್ಕಿಡದ ಸಾವಿರಾರು ಪಾತ್ರೆಗಳಿರುವ ಉಗ್ರಾಣವನ್ನೂ ನೋಡಲು ಬಿಡುತ್ತಾರೆ, ಅಂಥ ಅವಕಾಶ ಬೇರೆಡೆ ಅಪರೂಪ. ಕಾಮಕೇಳಿಯ ಮಡಕೆಗಳ ವಿಭಾಗ ಬೇರೆಯೇ ಕಟ್ಟಡದಲ್ಲಿದೆ, ಮಕ್ಕಳೊಂದಿಗೆ ಹೋದವರಿಗೆ ಮುಜುಗರವಿಲ್ಲದೆ ತಪ್ಪಿಸಿಕೊಳ್ಳಬಹುದು. ಟಿಕೆಟ್ ದುಬಾರಿ.

ಲಾರ್ಕೊ ಇರುವುದು ವಿಮಾನ ನಿಲ್ದಾಣಕ್ಕೂ ಮಿರಾಫ್ಲೋರೆಸ್‌ಗೂ ನಡುವೆ, ಸಂಜೆಯವರೆಗೂ ತೆರೆದಿರುತ್ತದೆ. ಎರಡು ವಿಮಾನಗಳ ನಡುವೆ ಏಳೆಂಟು ಗಂಟೆ ಬಿಡುವಿದ್ದು ‘ಲಿಮಾ ಒಂದಿಷ್ಟು ನೋಡೋಣ’ ಎನ್ನುವವರು ಮಿರಾಫ್ಲೋರೆಸ್‌ಗೆ ಓಡಬೇಡಿ. ಲಾರ್ಕೊ ನೋಡಿ, ಅಲ್ಲಿನ ತೋಟದಲ್ಲಿ ಕಾಫಿ ಕುಡಿದು ಮರಳಿ.

ಎರಡನೆಯದಕ್ಕೆ ಸಮಯವಿದ್ದರೆ ಮಿರಾಫ್ಲೋರೆಸ್‌ನ ಕಡಿಬಂಡೆಯ ಬದಿಯಲ್ಲಿರುವ ‘ನೆನಪಿನ ತಾಣ’ಕ್ಕೆ ಹೋಗಿ. 1980ರಿಂದ 2000ದವರೆಗೆ ಶೈನಿಂಗ್ ಪಾತ್ ಎಂಬ ಮಾವೋವಾದಿ ಗುಂಪಿನ ಉಗ್ರರು ಮತ್ತು ಸರ್ಕಾರಿ ಪಡೆಗಳ ನಡುವೆ ಸಿಕ್ಕಿ ಸತ್ತವರ, ಕಾಣೆಯಾದವರ ಕಥೆ ಅದು. ಸತ್ಯಶೋಧನಾ ಆಯೋಗದ ಅಂದಾಜಿನಂತೆ 69,000ಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲು ಬೆಟ್ಟನಾಡಿನ ಕೆಚುವಾ ಭಾಷೆ ಮಾತಾಡುವ ಬಡ ರೈತರು. ಪ್ರವೇಶ ಉಚಿತ. ರಜೆಯ ಖುಷಿಗೆ ಹೊಂದುವುದಿಲ್ಲ ನಿಜ. ಆದರೆ ಲಿಮಾದ ಸುತ್ತ ಬೋಳುಗುಡ್ಡಗಳ ಮೇಲೆ ಮನೆಗಳು ಹೀಗೇಕೆ ಒತ್ತೊತ್ತಾಗಿ ಹತ್ತಿವೆ ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಅಲ್ಲಿ ಸಿಗುತ್ತದೆ. ಹಳ್ಳಿಗಳಿಂದ ಓಡಿಬಂದವರು ಬೀಡುಬಿಟ್ಟದ್ದು ಆ ಗುಡ್ಡಗಳಲ್ಲೇ.

ಹಳೆಯ ಊರಿನಲ್ಲಿ ಅರ್ಧ ದಿನ

ಬೆಳಿಗ್ಗೆ ಹತ್ತಕ್ಕೆ ತಲುಪಿ, ಮೂರಕ್ಕೆ ಹೊರಡಿ. ಪ್ಲಾಸಾ ಮಯೋರ್ ಎಂಬ ಮುಖ್ಯ ಚೌಕದಲ್ಲಿ ಕೆಥೆಡ್ರಲ್, ಕೆತ್ತನೆಯ ಮರದ ಮುಚ್ಚು ಬಾಲ್ಕನಿಗಳ ಆರ್ಚ್‌ಬಿಷಪ್ ಅರಮನೆ, ಅಧ್ಯಕ್ಷರ ಭವನ. ಮಧ್ಯಾಹ್ನ 12ಕ್ಕೆ ಕಾವಲು ಪಡೆ ಬದಲಾಗುವ ಬ್ಯಾಂಡು ಮೆರವಣಿಗೆ ಇರುತ್ತದೆ.

ಚರ್ಚುಗಳಲ್ಲಿ ಆರಿಸಬೇಕಾದದ್ದು ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಸಾಂತೊ ದೊಮಿಂಗೊ ನಡುವೆ. ಎಲ್ಲರೂ ಹೋಗುವುದು ಮೊದಲನೆಯದಕ್ಕೆ, ಕಾರಣ ಅದರ ನೆಲಮಾಳಿಗೆ. ಊರಿನ ಸ್ಮಶಾನವಾಗಿದ್ದ ಅಲ್ಲಿ ಸಾವಿರಾರು ಜನರ ಮೂಳೆಗಳನ್ನು ಬಾವಿಯೊಳಗೆ ವೃತ್ತಾಕಾರವಾಗಿ ಜೋಡಿಸಿಟ್ಟಿದ್ದಾರೆ. ಸೂರು ತಗ್ಗು, ಗಾಳಿ ಕಡಿಮೆ. ಮಂಡಿನೋವಿನವರಿಗೆ, ಇಕ್ಕಟ್ಟು ಅಂಜುವವರಿಗೆ ಬೇಡ. ಫೋಟೊ ತೆಗೆಯಲು ಬಿಡುವುದಿಲ್ಲ. ಅದಕ್ಕಿಂತ ಮೇಲಿನ ಹಳೆಯ ಗ್ರಂಥಾಲಯವೇ ನನಗೆ ಹೆಚ್ಚು ಹಿಡಿಸಿತು. ಸಾಂತೊ ದೊಮಿಂಗೊದಲ್ಲಿ ಗದ್ದಲವಿಲ್ಲ. ಅಮೆರಿಕ ಖಂಡದ ಮೊದಲ ಸಂತಳಾದ ರೋಸಾಳ, ಮತ್ತು ಕಪ್ಪು ತಾಯಿಗೆ ಹುಟ್ಟಿ ಮಠದ ಕಸ ಗುಡಿಸುತ್ತಲೇ ಸಂತನಾದ ಮಾರ್ಟಿನ್ ದೆ ಪೋರೆಸ್‌ನ ಅವಶೇಷಗಳು ಇರುವುದು ಇಲ್ಲಿ. 1551ರಲ್ಲಿ ಸ್ಥಾಪನೆಯಾದ ಸ್ಯಾನ್ ಮಾರ್ಕೋಸ್ ವಿಶ್ವವಿದ್ಯಾಲಯ ಮೊದಲು ಪಾಠ ನಡೆಸಿದ್ದೂ ಈ ಮಠದಲ್ಲೇ. ಮಕ್ಕಳಿದ್ದರೆ ಮೂಳೆಗಳ ಕಡೆ ಎಳೆದೇ ಎಳೆಯುತ್ತಾರೆ, ಹೋಗಿ. ಇಲ್ಲದಿದ್ದರೆ ಸಾಂತೊ ದೊಮಿಂಗೊದ ಅಂಗಳದಲ್ಲಿ ಕೂತುಕೊಳ್ಳಿ. ದೇಸಾಂಪರಾದೋಸ್ ಎಂಬ ಹಳೆಯ ರೈಲು ನಿಲ್ದಾಣ ಈಗ ಸಾಹಿತ್ಯ ಭವನವಾಗಿದೆ, ಬಣ್ಣದ ಗಾಜಿನ ಸೂರು ನೋಡಲು ದುಡ್ಡು ಕೊಡಬೇಕಿಲ್ಲ.

ಸಂಜೆ ರಿಸರ್ವಾ ಪಾರ್ಕಿನ ನೀರು ಬೆಳಕಿನ ಕಾರಂಜಿಗಳಿಗೆ ಪ್ರವಾಸ ಕಂಪನಿಗಳು ಬಸ್ಸು ತುಂಬ ಜನರನ್ನು ಒಯ್ಯುತ್ತವೆ. ಕೃಷ್ಣರಾಜಸಾಗರದ ಬೃಂದಾವನವನ್ನು ಕಂಡು ಬೆಳೆದ ನಮಗೆ ಇದು ಅದರ ದೊಡ್ಡ, ಹೊಸ ತಮ್ಮ. ಮಕ್ಕಳಿಗಾದರೆ ಸರಿ, ದೊಡ್ಡವರು ಆ ಸಂಜೆಯನ್ನು ಬರಾಂಕೊಗೆ ಕೊಡಲಿ.

ಕಡಲು

ಲಿಮಾದ ಕಡಲು ಈಜಲಿಕ್ಕಲ್ಲ. ಬೇಸಿಗೆಯಲ್ಲೂ ನೀರು ಚಳಿ ಹುಟ್ಟಿಸುತ್ತದೆ, ಮಿರಾಫ್ಲೋರೆಸ್‌ನ ದಡ ಮರಳಲ್ಲ, ಉರುಟು ಕಲ್ಲು. ಸರ್ಫಿಂಗ್ ಕಲಿಯುವವರಿಗೆ ಮಾತ್ರ ಇದು ಸ್ವರ್ಗ. ಮೈಬೆಚ್ಚಗಿಡುವ ರಬ್ಬರ್ ಅಂಗಿ ಕೊಟ್ಟು ಕಲಿಸುತ್ತಾರೆ. ಮೇಲಿನ ಉದ್ಯಾನದಿಂದ ಪ್ಯಾರಾಗ್ಲೈಡಿಂಗ್ ಕೂಡ ಉಂಟು, ಹತ್ತು ನಿಮಿಷದ ಹಾರಾಟ, ಗಾಳಿ ಬೀಸಿದರೆ ಮಾತ್ರ.

ಕಡಲ ಸಿಂಹಗಳನ್ನು ನೋಡಬೇಕೆಂದರೆ ಎರಡು ದಾರಿ. ಕಯಾವೊದಿಂದ ದೋಣಿಯಲ್ಲಿ ಪಲೊಮಿನೊ ದ್ವೀಪಗಳಿಗೆ ಅರ್ಧ ದಿನದಲ್ಲಿ ಹೋಗಿಬರಬಹುದು. ಧೈರ್ಯವಿದ್ದವರನ್ನು ಅವುಗಳ ನಡುವೆಯೇ ಆ ಕೊರೆಯುವ ನೀರಿಗೆ ಇಳಿಸುತ್ತಾರೆ. ಇಲ್ಲವೇ ದಕ್ಷಿಣಕ್ಕೆ ಸುಮಾರು 250 ಕಿಲೋಮೀಟರ್ ದೂರದ ಪರಾಕಸ್‌ಗೆ ಹೋಗಿ ಬಾಯೆಸ್ತಾಸ್ ದ್ವೀಪಗಳನ್ನು ನೋಡಬಹುದು. ಅಲ್ಲಿ ಪೆಂಗ್ವಿನ್‌ಗಳೂ ಇವೆ, ಮರಳುಗುಡ್ಡದ ಮೇಲೆ ಕೊರೆದ ದೈತ್ಯ ದೀಪಸ್ತಂಭದ ಆಕೃತಿಯೂ ಇದೆ. ಆದರೆ ದೋಣಿಗಳು ಹೊರಡುವುದು ಬೆಳಗಿನ ಹೊತ್ತು. ಒಂದೇ ದಿನದಲ್ಲಿ ಮುಗಿಸಿಕೊಡುತ್ತೇವೆ ಎನ್ನುವ ಪ್ಯಾಕೇಜುಗಳು ನಸುಕಿನ ನಾಲ್ಕಕ್ಕೆ ಎಬ್ಬಿಸಿ ರಾತ್ರಿ ಹತ್ತಕ್ಕೆ ತಂದು ಬಿಸಾಡುತ್ತವೆ. ಪರಾಕಸ್‌ನಲ್ಲಿ ಒಂದು ರಾತ್ರಿ ತಂಗುವುದಾದರೆ ಹೋಗಿ, ಇಲ್ಲವಾದರೆ ಪಲೊಮಿನೊಗೆ ತೃಪ್ತಿಪಡಿ.

ಊಟ: ಮೀನು ತಿನ್ನುವವರಿಗೆ, ತಿನ್ನದವರಿಗೆ

ಜಗತ್ತಿನ ಐವತ್ತು ಶ್ರೇಷ್ಠ ರೆಸ್ಟೊರೆಂಟುಗಳ ಪಟ್ಟಿಯಲ್ಲಿ 2023ರಲ್ಲಿ ಮೊದಲ ಸ್ಥಾನ ಪಡೆದ ಸೆಂತ್ರಾಲ್, 2025ರಲ್ಲಿ ಮೊದಲಾದ ಮೈದೊ, ಎರಡೂ ಲಿಮಾದವು. ತಿಂಗಳುಗಟ್ಟಲೆ ಮೊದಲೇ ಕಾದಿರಿಸಬೇಕು, ಜೇಬಿಗೆ ದೊಡ್ಡ ಕತ್ತರಿಯೇ ಬೀಳುತ್ತದೆ. ಅದಿಲ್ಲದೆಯೂ ಈ ಊರಿನಲ್ಲಿ ಚೆನ್ನಾಗಿ ಉಣ್ಣಬಹುದು. ಮೀನು ತಿನ್ನುವವರು ಸೆವಿಚೆಯನ್ನು ಮಧ್ಯಾಹ್ನವೇ ತಿನ್ನಿ. ಹಸಿಮೀನಿಗೆ ನಿಂಬೆರಸ, ಮೆಣಸಿನಕಾಯಿ, ಈರುಳ್ಳಿ ಹಾಕಿ ಆಗಲೇ ಕೊಡುವ ತಿನಿಸು ಅದು. ಒಳ್ಳೆಯ ಸೆವಿಚೆ ಅಂಗಡಿಗಳು ಸಂಜೆಯೊಳಗೆ ಬಾಗಿಲು ಹಾಕುತ್ತವೆ.

ಸಸ್ಯಾಹಾರಿಗಳು ಹೆದರಬೇಕಿಲ್ಲ, ಆದರೆ ಎಚ್ಚರ ಬೇಕು. ‘ಸಿನ್ ಕಾರ್ನೆ’ ಎಂದರೆ ಮಾಂಸ ಬೇಡ ಎಂದರ್ಥವಾದರೂ ತಟ್ಟೆಯಲ್ಲಿ ಕೋಳಿ ಬಂದು ಕೂರಬಹುದು. ಅವರ ಲೆಕ್ಕದಲ್ಲಿ ಕೋಳಿ ಬೇರೆ ಬಾಬತ್ತು. ‘ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಪೆಸ್ಕಾದೊ’ ಎಂದು ಮಾಂಸ, ಕೋಳಿ, ಮೀನು ಮೂರನ್ನೂ ಹೆಸರಿಸಿ ಹೇಳಿ, ಮೊಟ್ಟೆಯೂ ಬೇಡವಾದರೆ ‘ಸಿನ್ ವೇವೊ’ ಸೇರಿಸಿ. ಸೂಪುಗಳನ್ನು ಬಹುತೇಕ ಕೋಳಿಯ ನೀರಿನಲ್ಲೇ ಮಾಡುತ್ತಾರೆ, ಬಿಟ್ಟುಬಿಡಿ. ಎಲ್ಲೆಡೆ ಸಿಗುವ ಆಸರೆ ಎಂದರೆ ‘ಚೀಫಾ’, ಚೀನೀ ವಲಸಿಗರು ಇಲ್ಲಿನ ರುಚಿಗೆ ಒಗ್ಗಿಸಿದ ಅಡುಗೆಯ ಹೋಟೆಲುಗಳು. ತರಕಾರಿ ಹಾಕಿದ ಫ್ರೈಡ್ ರೈಸ್ ಅಲ್ಲಿ ‘ಅರೋಸ್ ಚೌಫಾ’. ಬೇಯಿಸಿದ ಆಲೂಗಡ್ಡೆಯ ಮೇಲೆ ಹಳದಿ ಮೆಣಸಿನಕಾಯಿ ಮತ್ತು ಚೀಸಿನ ಗೊಜ್ಜು ಸುರಿದ ‘ಪಾಪಾ ಆ ಲಾ ವಂಕಾಯಿನಾ’, ಹಿಸುಕಿದ ಆಲೂಗಡ್ಡೆಯ ನಡುವೆ ಬೆಣ್ಣೆಹಣ್ಣು ತುಂಬಿದ ‘ಕೌಸಾ’, ದಪ್ಪ ಕಾಳಿನ ಬೇಯಿಸಿದ ಮೆಕ್ಕೆಜೋಳದ ತೆನೆಯ ಜೊತೆ ಹಸಿ ಚೀಸ್. ಸುರ್ಕಿಯೊ ಮಾರುಕಟ್ಟೆಗೆ ಹೋದರೆ ನೇರಳೆ, ಹಳದಿ, ಗೆಣ್ಣುಗೆಣ್ಣಾದ ಆಲೂಗಡ್ಡೆಗಳ ರಾಶಿ ನೋಡಬಹುದು. ನಮ್ಮ ಮಸಾಲೆ ದೋಸೆಯ ಪಲ್ಯದ ತವರು ಈ ಆಂಡಿಸ್ ಬೆಟ್ಟಗಳೇ. ಸಂಜೆ ಬೀದಿಬದಿಯಲ್ಲಿ ಕುಂಬಳ, ಗೆಣಸಿನ ಹಿಟ್ಟನ್ನು ಬಳೆಯಾಕಾರದಲ್ಲಿ ಎಣ್ಣೆಗೆ ಬಿಟ್ಟು, ಬೆಲ್ಲದ ಪಾಕ ಸುರಿದು ಕೊಡುವ ‘ಪಿಕರೋನೆಸ್’ ತಿನ್ನದೆ ಬರಬೇಡಿ. ನಲ್ಲಿ ನೀರು ಕುಡಿಯಬೇಡಿ.

ಮೊದಲೋ, ಕೊನೆಗೋ?

ಕುಸ್ಕೊ ಇರುವುದು 3,400 ಮೀಟರ್ ಎತ್ತರದಲ್ಲಿ. ಲಿಮಾ ಕಡಲಮಟ್ಟದಲ್ಲಿರುವುದರಿಂದ ಇಲ್ಲಿ ಎಷ್ಟು ದಿನ ಕಳೆದರೂ ದೇಹ ಎತ್ತರಕ್ಕೆ ಒಗ್ಗುವುದಿಲ್ಲ. ಆ ಕಾರಣಕ್ಕೆ ಲಿಮಾದಲ್ಲಿ ಮೊದಲು ದಿನ ಕಳೆಯುವುದು ದಂಡ. ಬಂದ ದಿನ ಒಂದು ರಾತ್ರಿ ನಿದ್ದೆ, ಬೆಟ್ಟ ಮುಗಿಸಿ ಇಳಿದ ಮೇಲೆ ಎರಡು ಮೂರು ದಿನ ಎಂದು ಹಂಚಿಕೊಳ್ಳುವುದು ಮೇಲು. ಬೆಟ್ಟದ ಕಡೆ ಮುಷ್ಕರವಾದರೂ, ಮಂಜು ಕವಿದು ವಿಮಾನ ತಪ್ಪಿದರೂ, ಊರಿಗೆ ಮರಳುವ ದೊಡ್ಡ ವಿಮಾನ ಕೈಬಿಡುವುದಿಲ್ಲ. ಕೊನೆಯಲ್ಲಿ ಒಂದೇ ದಿನ ಉಳಿದರೆ ಬೆಳಿಗ್ಗೆ ಹಳೆಯ ಊರು, ಮಧ್ಯಾಹ್ನದ ಮೇಲೆ ಲಾರ್ಕೊ, ಎರಡನೆಯ ದಿನ ಸಿಕ್ಕರೆ ಪುಕ್ಯಾನಾ, ಮಲೆಕೋನ್, ಸಂಜೆ ಬರಾಂಕೊ, ಮೂರನೆಯದು ಪಚಕಮಾಕ್‌ಗೆ.

ಕಾಗದಪತ್ರದ ಮಾತು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಪೆರುವಿನ ವೀಸಾ ಬೇಕು. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಯುರೋಪಿನ ಷೆಂಗೆನ್ ವೀಸಾದಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿದ್ದರೆ ಅಥವಾ ಆ ದೇಶಗಳಲ್ಲಿ ಕಾಯಂ ನಿವಾಸಿಯಾಗಿದ್ದರೆ ವಿನಾಯಿತಿ ಇದೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಲಿಮಾ ಸಲೀಸಾಗುವುದು ಹೀಗೆ, ಮಯಾಮಿಯಿಂದ ಆರು ಗಂಟೆಯ ಹಾರಾಟ. ಹೊರಡುವ ಮೊದಲು ರಾಯಭಾರ ಕಚೇರಿಯ ಈಗಿನ ನಿಯಮ ನೋಡಿಕೊಳ್ಳಿ. ಹಳದಿ ಜ್ವರದ ಲಸಿಕೆಯನ್ನು ಲಿಮಾದಲ್ಲಿ ಯಾರೂ ಕೇಳಲಿಕ್ಕಿಲ್ಲ, ಆದರೆ ಭಾರತ ಸರ್ಕಾರದ ಪಟ್ಟಿಯಲ್ಲಿ ಪೆರು ಹಳದಿ ಜ್ವರದ ದೇಶ. ಅಲ್ಲಿಂದ ಹೊರಟ ಆರು ದಿನದೊಳಗೆ ಭಾರತಕ್ಕೆ ಬಂದಿಳಿಯುವವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕ ವಾಸಕ್ಕೆ ಕಳಿಸಬಹುದು. ಚುಚ್ಚಿಸಿಕೊಂಡ ಹತ್ತು ದಿನದ ಮೇಲೆ ಮಾತ್ರ ಪ್ರಮಾಣಪತ್ರ ಊರ್ಜಿತ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಷ್ಟೇ ಲಸಿಕೆ ಹಾಕುತ್ತಾರೆ, ಅವೂ ವಾರದ ಎಲ್ಲ ದಿನ ಹಾಕುವುದಿಲ್ಲ. ಹಾಗಾಗಿ ವಿಮಾನದ ಟಿಕೆಟ್ ಕೈಗೆ ಬಂದ ವಾರವೇ ಆ ಕೇಂದ್ರಕ್ಕೆ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ.